ಪೊಲೀಸರಿಗೆ 12 ಗಂಟೆ ಶಿಫ್ಟ್ ಒಳ್ಳೇದಾ? ಕಾಸರಗೋಡಿನ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಭಾವ ಕಾಸರಗೋಡು ಜಿಲ್ಲೆಯ ಒಂದು ಠಾಣೆಯಲ್ಲಿ ಸೀನಿಯರ್ ಸಿವಿಲ್ ಪೊಲೀಸ್ ಆಫೀಸರ್. ಹಾಗಾಗಿ ಮದುವೆ ಮನೆಗೆ ಹೋದರೂ ಯಕ್ಷಗಾನ ಆಟ ನೋಡಲು ಹೋದರೂ ಜನ ನನ್ನನ್ನು ಹಿಡಿದು ಇದೇ ವಿಷಯ ಕೇಳುತ್ತಾರೆ. ಸರಕಾರಿ ಕೆಲಸಕ್ಕೆ ಪಿಎಸ್‌ಸಿ ಪರೀಕ್ಷೆ ಬರೆದು ಕಾಯುತ್ತಿರುವ ಹುಡುಗರು ಕೇಳುತ್ತಾರೆ. ಅವರ ಅಮ್ಮಂದಿರು ಕೇಳುತ್ತಾರೆ. ಠಾಣೆಯ ಬೆಂಚಿನಲ್ಲಿ ಕೂತು ಸುಸ್ತಾದವರಂತೂ ಸ್ವಲ್ಪ ಜೋರಾಗಿಯೇ ಕೇಳುತ್ತಾರೆ. ಉತ್ತರಗಳೆಲ್ಲ ಒಂದು ಕಡೆ ಇರಲಿ ಅಂತ ಬರೆದಿದ್ದೇನೆ.

ಉದ್ದ ಶಿಫ್ಟ್ ಅಂದರೆ ಎಷ್ಟು ಗಂಟೆ?

ಸಾಮಾನ್ಯವಾಗಿ ಮೂರು ಬಗೆ ಹೇಳುತ್ತಾರೆ. 8 ಗಂಟೆ, 10 ಗಂಟೆ, 12 ಗಂಟೆ. ಇದರಲ್ಲಿ 10 ಮತ್ತು 12 ಉದ್ದ ಶಿಫ್ಟ್. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ದಿನದ ಗಂಟೆ ಹೆಚ್ಚಾದಾಗ ವಾರದ ದಿನ ಕಡಿಮೆಯಾಗಬೇಕು. ಆಗ ಮಾತ್ರ ಅದಕ್ಕೆ ಉದ್ದ ಶಿಫ್ಟ್ ಅನ್ನಬಹುದು. ದಿನಕ್ಕೆ 12 ಗಂಟೆ, ವಾರಕ್ಕೆ ಏಳೂ ದಿನ ಅಂತಾದರೆ ಅದನ್ನು ಶಿಫ್ಟ್ ಅಂತ ಕರೆಯುವುದೇ ತಪ್ಪು. ನಮ್ಮಲ್ಲಿ ಜಗಳ ಆಗುವುದು ಈ ಎರಡನ್ನೂ ಕಲಸಿದ್ದರಿಂದ.

ಪೊಲೀಸರಿಗೆ 8 ಗಂಟೆ ಕೆಲಸ ಅಂತ ಕಾನೂನು ಇಲ್ವಾ?

ಕಾರ್ಖಾನೆಯವರಿಗೆ ಇದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ ಇತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಪೊಲೀಸರಿಗೆ ಅದು ಅನ್ವಯಿಸುವುದಿಲ್ಲ. ಬ್ರಿಟಿಷರ ಕಾಲದ 1861ರ ಪೊಲೀಸ್ ಕಾಯ್ದೆಯ 22ನೇ ಸೆಕ್ಷನ್ ಏನು ಹೇಳುತ್ತದೆ ಗೊತ್ತಾ? ಪೊಲೀಸ್ ಅಧಿಕಾರಿ ಯಾವಾಗಲೂ ಡ್ಯೂಟಿಯಲ್ಲೇ ಇದ್ದಾನೆ ಅಂತ ತಿಳಿಯಬೇಕು. ಕೇರಳಕ್ಕೆ ಈಗ 2011ರ ಸ್ವಂತ ಪೊಲೀಸ್ ಕಾಯ್ದೆ ಇದೆ, ನಿಜ. ಆದರೆ ಆ ಹಳೇ ಯೋಚನೆ ಇನ್ನೂ ಹೋಗಿಲ್ಲ. ಮೇಲಿನವರು ಫೋನ್ ಮಾಡಿದರೆ ಕೆಳಗಿನವರು ಹೊರಡಬೇಕು, ಅಷ್ಟೇ.

ಮುಷ್ಕರ ಮಾಡುವ ಹಾಗೂ ಇಲ್ಲ. 1966ರ ಕೇಂದ್ರ ಕಾಯ್ದೆಯೊಂದು ಪೊಲೀಸರು ಯೂನಿಯನ್ ಕಟ್ಟುವುದಕ್ಕೆ ಕಡಿವಾಣ ಹಾಕಿದೆ. ಕೇರಳದಲ್ಲಿ ಪೊಲೀಸ್ ಅಸೋಸಿಯೇಷನ್‌ಗಳು ಇರುವುದರಿಂದ ಬೇಡಿಕೆ ಇಡಲಿಕ್ಕೆ ಒಂದು ದಾರಿಯಾದರೂ ಇದೆ. ಎಷ್ಟೋ ರಾಜ್ಯಗಳಲ್ಲಿ ಅದೂ ಇಲ್ಲ.

ಈಗ ನಿಜಕ್ಕೂ ಎಷ್ಟು ಗಂಟೆ ದುಡಿಯುತ್ತಾರೆ?

ಇಡೀ ದೇಶದ ಲೆಕ್ಕ ಹೇಳಬಹುದು. ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು ಕೇಂದ್ರದ ಪೊಲೀಸ್ ಸಂಶೋಧನಾ ಬ್ಯೂರೋಗಾಗಿ 2014ರಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿತು. ಠಾಣೆ ಸಿಬ್ಬಂದಿಯಲ್ಲಿ ಸುಮಾರು ಶೇಕಡಾ 90 ಮಂದಿ 8 ಗಂಟೆಗಿಂತ ಜಾಸ್ತಿ ಕೆಲಸ ಮಾಡುತ್ತಾರೆ ಅಂತ ಗೊತ್ತಾಯಿತು. ಠಾಣಾಧಿಕಾರಿಗಳಲ್ಲಿ ಶೇಕಡಾ 68 ಮಂದಿ ತಮ್ಮ ಠಾಣೆಯಲ್ಲಿ 11 ಗಂಟೆ ದಾಟುತ್ತದೆ ಅಂದರು. ಶೇಕಡಾ 28 ಮಂದಿ 14 ಗಂಟೆಯೂ ದಾಟುತ್ತದೆ ಅಂದರು. ತಿಂಗಳಿಗೆ ಒಂದು ವಾರದ ರಜೆಯೂ ಸಿಗದವರು ನೂರಕ್ಕೆ 70ಕ್ಕಿಂತ ಜಾಸ್ತಿ.

2019ರಲ್ಲಿ ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಅನ್ನುವ ಎರಡು ಸಂಸ್ಥೆಗಳ ವರದಿ ಬಂತು. ಅದರಲ್ಲಿ ಸರಾಸರಿ 14 ಗಂಟೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆ ಇಲ್ಲ.

ಅಂದರೆ 12 ಗಂಟೆ ಶಿಫ್ಟ್ ಬಂದರೆ ಕಷ್ಟ ಆಗುತ್ತದಾ ಅಂತ ಕೇಳಿದರೆ ಪೊಲೀಸರು ನಗುತ್ತಾರೆ. ಬಹಳ ಜನರಿಗೆ ಅದು ಇಳಿಕೆ!

12 ಗಂಟೆ ಮಾಡಿದರೆ ಜನ ಕಡಿಮೆ ಸಾಕಲ್ವಾ?

ಎಲ್ಲರೂ ಹಾಗೆ ಅಂದುಕೊಳ್ಳುತ್ತಾರೆ. ಒಂದು ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ.

ವಾರಕ್ಕೆ 168 ಗಂಟೆ. ಠಾಣೆಯ ಬಾಗಿಲಲ್ಲಿ ನಿಲ್ಲುವ ಪಾರಾದ ಒಂದು ಜಾಗ ಇದೆ ಅಂತಿಟ್ಟುಕೊಳ್ಳಿ. ಆ ಜಾಗ ಖಾಲಿ ಬಿಡುವ ಹಾಗಿಲ್ಲ. ನಾಲ್ಕು ಜನ ಹಂಚಿಕೊಂಡರೆ ತಲೆಗೆ ವಾರಕ್ಕೆ 42 ಗಂಟೆ. ಮೂರು ಜನ ಆದರೆ 56 ಗಂಟೆ. 8 ಗಂಟೆ ಶಿಫ್ಟ್ ಮಾಡಿ, 12 ಗಂಟೆ ಮಾಡಿ, ಈ ಲೆಕ್ಕ ಬದಲಾಗುವುದಿಲ್ಲ. ಶಿಫ್ಟ್ ಉದ್ದ ಮಾಡಿದ ಕೂಡಲೇ ಜನ ಹುಟ್ಟುವುದಿಲ್ಲ.

ಬದಲಾಗುವುದು ಬೇರೆ. ವಾರಕ್ಕೆ ಸರಾಸರಿ 42 ಗಂಟೆ ಅಂತಾದರೆ 8 ಗಂಟೆಯ ಶಿಫ್ಟಿನಲ್ಲಿ ವರ್ಷಕ್ಕೆ 273 ದಿನ ಡ್ಯೂಟಿಗೆ ಹೋಗಬೇಕು. 12 ಗಂಟೆಯಲ್ಲಿ 182 ದಿನ ಸಾಕು. 91 ದಿನ ಯೂನಿಫಾರ್ಮ್ ಇಸ್ತ್ರಿ ಹಾಕುವುದು ಬೇಡ, ಬಸ್ ಹತ್ತುವುದು ಬೇಡ.

10 ಗಂಟೆಯದು ಸ್ವಲ್ಪ ದುಬಾರಿ. ಮೂರು ಶಿಫ್ಟ್ ಅಂದರೆ ದಿನಕ್ಕೆ 30 ಗಂಟೆ ಆಯಿತು. 6 ಗಂಟೆ ಒಂದರ ಮೇಲೊಂದು ಬರುತ್ತದೆ. ಅದೇ 42 ಗಂಟೆಗೆ ನಾಲ್ಕರ ಬದಲು ಐದು ಜನ ಬೇಕು. ಆದರೆ ಆ 6 ಗಂಟೆ ಪೋಲಾಗುವುದಿಲ್ಲ. ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಇಟ್ಟುಕೊಳ್ಳಬಹುದು. ಪೇಟೆಯಲ್ಲಿ ಗದ್ದಲ ಆಗುವುದೂ, ರಸ್ತೆಯಲ್ಲಿ ಬೈಕ್ ಬೀಳುವುದೂ, ಕುಡಿದು ಬಂದು ಮನೆಯಲ್ಲಿ ಹೊಡೆಯುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಆಗ ಠಾಣೆಯಲ್ಲಿ ಎರಡು ಪಟ್ಟು ಜನ ಇದ್ದರೆ ಯಾರಿಗೆ ಬೇಡ?

ಪೊಲೀಸರಲ್ಲೇ ಕೆಲವರು 12 ಗಂಟೆ ಬೇಕು ಅಂತಾರಲ್ಲ, ಯಾಕೆ?

ಕಾರಣ ಭೂಪಟದಲ್ಲಿದೆ. ಕಾಸರಗೋಡು ಕೇರಳದ ಉತ್ತರದ ತುದಿ. ಇಲ್ಲಿ ಕೆಲಸ ಮಾಡುವವರಲ್ಲಿ ಕೊಲ್ಲಂ, ತಿರುವನಂತಪುರ ಕಡೆಯವರೂ ಇದ್ದಾರೆ. 2023ರ ಏಪ್ರಿಲ್‌ನಲ್ಲಿ ಶುರುವಾದ ವಂದೇ ಭಾರತ್ ರೈಲಿನಲ್ಲೇ ಕಾಸರಗೋಡಿನಿಂದ ತಿರುವನಂತಪುರಕ್ಕೆ ಸುಮಾರು 8 ಗಂಟೆ. ಮಾವೇಲಿಯೋ ಮಲಬಾರ್ ಎಕ್ಸ್‌ಪ್ರೆಸ್ಸೋ ಆದರೆ ಇಡೀ ರಾತ್ರಿ ಬೇಕು. ವಾರಕ್ಕೆ ಒಂದು ದಿನ ರಜೆ ಕೊಟ್ಟರೆ ಅವರಿಗೆ ಏನು ಉಪಯೋಗ? ಮನೆ ಮುಟ್ಟುವಾಗಲೇ ವಾಪಸ್ ಹೊರಡಬೇಕು. ಅದೇ ಎರಡು ಹಗಲು, ಎರಡು ರಾತ್ರಿ ದುಡಿದು ನಾಲ್ಕು ದಿನ ರಜೆ ಅಂತಾದರೆ ಮಗುವನ್ನು ಶಾಲೆಗೆ ಬಿಟ್ಟು ಬರುವಷ್ಟು ಹೊತ್ತಾದರೂ ಸಿಗುತ್ತದೆ.

ಊರಿನವರಿಗೂ ಲಾಭ ಇದೆ. ಪೆರ್ಲದವನಿಗೆ ಇದೇ ಜಿಲ್ಲೆಯ ಹೊಸದುರ್ಗದಲ್ಲಿ ಡ್ಯೂಟಿ ಬಿದ್ದರೆ ಬಸ್ಸಿನಲ್ಲಿ ಹೋಗಿ ಬರುವುದೇ ಒಂದು ಕೆಲಸ. ಹೈವೇ ಆರು ಲೇನ್ ಮಾಡುತ್ತಿದ್ದಾಗ ಆ ದಾರಿಯಲ್ಲಿ ಓಡಾಡಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ತೋಟ ಇದ್ದವರಿಗೆ ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಜೊತೆಯಲ್ಲಿ ನಾಲ್ಕು ದಿನ ಸಿಕ್ಕಿದರೆ ಅದೇ ಭಾಗ್ಯ.

ಇನ್ನೊಂದು ಕಾರಣ ತನಿಖೆ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ ಮನೆ ಶೋಧ ಮಾಡುವಾಗ ವಿಡಿಯೋ ಕೂಡ ಮಾಡಬೇಕು. ಸ್ಥಳಕ್ಕೆ ಹೋಗಿ, ಮಹಜರು ಬರೆದು, ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ, ರಿಮಾಂಡ್ ಕಾಗದ ಮಾಡುವಾಗ 8 ಗಂಟೆ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ಶುರು ಮಾಡಿದವನೇ ಮುಗಿಸಿದರೆ ಕೇಸು ಗಟ್ಟಿಯಾಗುತ್ತದೆ. ಮಧ್ಯದಲ್ಲಿ ಕೈ ಬದಲಾದರೆ ಎಲ್ಲೋ ಒಂದು ಎಳೆ ಬಿಟ್ಟುಹೋಗುತ್ತದೆ.

ಇದನ್ನು ಎಲ್ಲಾದರೂ ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರಾ?

ಅಮೆರಿಕದಲ್ಲಿ ಮಾಡಿದ್ದಾರೆ. ಪೊಲೀಸ್ ಫೌಂಡೇಷನ್ ಅನ್ನುವ ಸಂಸ್ಥೆ ಡೆಟ್ರಾಯಿಟ್ ಮತ್ತು ಟೆಕ್ಸಸ್‌ನ ಆರ್ಲಿಂಗ್ಟನ್ ನಗರಗಳಲ್ಲಿ ಪೊಲೀಸರನ್ನು 8, 10, 12 ಗಂಟೆಯ ಗುಂಪುಗಳಿಗೆ ಚೀಟಿ ಎತ್ತಿದ ಹಾಗೆ ಹಂಚಿ ನೋಡಿತು. ವರದಿ ಬಂದದ್ದು 2011ರಲ್ಲಿ.

ಗೆದ್ದದ್ದು 10 ಗಂಟೆ. ಆ ಗುಂಪಿನವರು 8 ಗಂಟೆಯವರಿಗಿಂತ ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ನಿದ್ದೆ ಮಾಡುತ್ತಿದ್ದರು. ಕೆಲಸದ ಬದುಕು ಹಿತವಾಗಿದೆ ಅಂತಲೂ ಅವರಿಗಿಂತ ಜಾಸ್ತಿ ಹೇಳಿದರು. ಓವರ್‌ಟೈಮ್ ಎಲ್ಲರಿಗಿಂತ ಕಡಿಮೆ. 8 ಗಂಟೆಯವರು ಅವರ ಐದು ಪಟ್ಟು ಓವರ್‌ಟೈಮ್ ಮಾಡಿದ್ದರು. ಯಾಕೆಂದರೆ 8 ಗಂಟೆಗೆ ಕೆಲಸ ಮುಗಿಯುವುದೇ ಇಲ್ಲ! 12 ಗಂಟೆಯವರಿಗೆ ತೂಕಡಿಕೆ ಜಾಸ್ತಿ, ಎಚ್ಚರ ಕಡಿಮೆ. ಕೆಲಸದ ಗುಣಮಟ್ಟದಲ್ಲಿ ಮಾತ್ರ ಮೂರು ಗುಂಪಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಈ ಫಲಿತಾಂಶವನ್ನು ಹಾಗೆಯೇ ಎತ್ತಿ ಕುಂಬಳೆಗೋ ಬದಿಯಡ್ಕಕ್ಕೋ ತಂದು ಇಡಲು ಆಗುವುದಿಲ್ಲ. ಅಲ್ಲಿ 10 ಗಂಟೆಯವರಿಗೆ ವಾರಕ್ಕೆ ನಾಲ್ಕೇ ದಿನ ಕೆಲಸ, ಮೂರು ದಿನ ರಜೆ. ಓವರ್‌ಟೈಮ್‌ಗೆ ದುಡ್ಡು ಬೇರೆ. ನಮ್ಮಲ್ಲಿ ಗಂಟೆಯನ್ನು ಮಾತ್ರ ಅಲ್ಲಿಂದ ತಂದು ರಜೆಯನ್ನು ಅಲ್ಲೇ ಬಿಟ್ಟು ಬಂದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

12 ಗಂಟೆ ಎದ್ದಿದ್ದರೆ ಅಂಥದ್ದೇನಾಗುತ್ತದೆ? ನಾವೂ ಇಡೀ ರಾತ್ರಿ ಆಟ ನೋಡ್ತೇವಲ್ಲ?

ನೋಡುತ್ತೇವೆ. ಬೆಳಗ್ಗೆ ಬಂದು ಬಿದ್ದುಕೊಳ್ಳುತ್ತೇವೆ. ಕೈಯಲ್ಲಿ ಬಂದೂಕು ಇರುವುದಿಲ್ಲ, ಜೀಪಿನ ಸ್ಟೇರಿಂಗೂ ಇರುವುದಿಲ್ಲ.

ಶಿಫ್ಟ್ 12 ಗಂಟೆ ಅಂದರೆ ಎಚ್ಚರ ಇರುವುದು 12 ಗಂಟೆ ಮಾತ್ರ ಅಲ್ಲ. ರಾತ್ರಿ ಎಂಟಕ್ಕೆ ಡ್ಯೂಟಿಗೆ ಬಂದವನು ಮಧ್ಯಾಹ್ನದಿಂದಲೇ ಎದ್ದಿರುತ್ತಾನೆ. ಬೆಳಗಿನ ಜಾವ ಐದಕ್ಕೆ ಅವನಿಗೆ ಆಗಲೇ 17 ಗಂಟೆಯ ಎಚ್ಚರ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ ತೋರಿಸಿದ್ದು ಇದನ್ನೇ. 17 ಗಂಟೆ ನಿದ್ದೆಯಿಲ್ಲದೆ ಇದ್ದರೆ ಕೈ ಕಣ್ಣಿನ ಚುರುಕು ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವರಷ್ಟೇ ಕುಗ್ಗುತ್ತದೆ. 24 ಗಂಟೆ ಆದರೆ 0.10ಕ್ಕೆ ಸಮ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03.

ಇದನ್ನು ಭಾವನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇಷ್ಟೇ: "ಹಾಗಾದರೆ ಬೆಳಗ್ಗೆ ಐದಕ್ಕೆ ನಾನು ಲಾರಿ ಡ್ರೈವರಿಗೆ ಊದು ಅಂತ ಕೊಳವೆ ಹಿಡಿಯುತ್ತೇನಲ್ಲ, ಮೊದಲು ನಾನೇ ಊದಬೇಕು."

ಸಿಟ್ಟಿನ ವಿಷಯವೂ ಇದೆ. 2011ರಲ್ಲಿ ಅಮೆರಿಕ ಮತ್ತು ಕೆನಡಾದ ಸುಮಾರು 5,000 ಪೊಲೀಸರ ಮೇಲೆ ನಡೆದ ಅಧ್ಯಯನದಲ್ಲಿ ನೂರಕ್ಕೆ 40 ಮಂದಿಗೆ ಏನಾದರೊಂದು ನಿದ್ದೆಯ ತೊಂದರೆ ಕಂಡಿತು. ಅಂಥವರು ಕಾಗದಪತ್ರದಲ್ಲಿ ತಪ್ಪು ಮಾಡುವುದು, ವಾಹನ ಓಡಿಸುತ್ತಾ ತೂಕಡಿಸುವುದು, ಆರೋಪಿಗಳ ಮೇಲೆ ಹಿಡಿತ ತಪ್ಪಿ ರೇಗುವುದು ಉಳಿದವರಿಗಿಂತ ಜಾಸ್ತಿ. ಪೊಲೀಸರ ನಿದ್ದೆ ಪೊಲೀಸರ ಮನೆಯ ವಿಷಯ ಅಂತ ಸುಮ್ಮನಿರುವವರು ಇದನ್ನು ಓದಬೇಕು. ಹೊಡೆತ ತಿನ್ನುವುದು ಬೇರೆಯವರು.

ರಾತ್ರಿ ಡ್ಯೂಟಿಯಿಂದ ಕಾಯಿಲೆ ಬರುತ್ತದಾ?

ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ "ಬಹುಶಃ ಕ್ಯಾನ್ಸರ್‌ಗೆ ಕಾರಣ" ಅನ್ನುವ ಪಟ್ಟಿಗೆ ಸೇರಿಸಿತು. 2019ರಲ್ಲೂ ಅದನ್ನೇ ಉಳಿಸಿಕೊಂಡಿತು. ಅಮೆರಿಕದ ಬಫಲೋ ನಗರದ ಪೊಲೀಸರ ಮೇಲೆ ವರ್ಷಗಟ್ಟಲೆ ನಡೆದ ಅಧ್ಯಯನದಲ್ಲಿ ರಾತ್ರಿ ಪಾಳಿ ಜೊತೆಗೆ ಕಡಿಮೆ ನಿದ್ದೆ ಸೇರಿದರೆ ಹೊಟ್ಟೆಯ ಬೊಜ್ಜು, ಬಿಪಿ, ಸಕ್ಕರೆ ಇವೆಲ್ಲ ಒಟ್ಟಿಗೆ ಏರುವುದು ಕಂಡಿದೆ. ಗಾಬರಿ ಬೇಡ. ಆದರೆ ನಲವತ್ತು ದಾಟಿದವರು ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಿಸಿಕೊಳ್ಳುವುದು ಒಳ್ಳೇದು. ಗೊರಕೆ ಜೋರಾಗಿದ್ದು ಹಗಲಿಡೀ ತೂಕಡಿಕೆ ಇದ್ದರೆ ಡಾಕ್ಟರ ಹತ್ತಿರ ಅದನ್ನೂ ಹೇಳಿ. ಗೊರಕೆ ಅಂದರೆ ನಗುವ ವಿಷಯ ಅಂತ ಬಿಡಬೇಡಿ.

ಪಾಳಿ ಬದಲಾಯಿಸುವ ಕ್ರಮವೂ ಮುಖ್ಯ. ಬೆಳಗ್ಗೆ, ಆಮೇಲೆ ಮಧ್ಯಾಹ್ನ, ಆಮೇಲೆ ರಾತ್ರಿ ಹೀಗೆ ಮುಂದಕ್ಕೆ ಹೋದರೆ ಮೈ ಬೇಗ ಒಗ್ಗುತ್ತದೆ. ಹಿಂದಕ್ಕೆ ಬಂದರೆ ಕಷ್ಟ. ರಾತ್ರಿ ಮುಗಿಸಿದವನನ್ನು ಅದೇ ದಿನ ಮಧ್ಯಾಹ್ನಕ್ಕೆ ಹಾಕುವುದಂತೂ ಯಾವ ಲೆಕ್ಕದಲ್ಲೂ ಸರಿಯಲ್ಲ.

ಶಿಫ್ಟ್ ಬದಲಾಗುವಾಗ ಏನು ನಡೆಯುತ್ತದೆ? ಅದಕ್ಕೆ ಯಾಕೆ ಅಷ್ಟು ಹೊತ್ತು?

ಇದನ್ನು ಹೊರಗಿನವರು ಯಾರೂ ಗಮನಿಸುವುದಿಲ್ಲ. ಬೆಳಗ್ಗೆ ಎಂಟಕ್ಕೆ ಒಂದು ಠಾಣೆಯ ಮೇಜಿನ ಹತ್ತಿರ ನಿಂತು ನೋಡಿ. ಜನರಲ್ ಡೈರಿ ತೆರೆದಿರುತ್ತದೆ, ಎಲ್ಲರೂ ಅದನ್ನು ಜಿಡಿ ಅಂತಲೇ ಹೇಳುವುದು. ರಾತ್ರಿಯವನು ಒಂದೊಂದೇ ಒಪ್ಪಿಸಬೇಕು. ಲಾಕಪ್ಪಿನಲ್ಲಿ ಎಷ್ಟು ಜನ, ಅವರ ಮೈಮೇಲೆ ಗಾಯ ಇದೆಯಾ, ಮಾತ್ರೆ ತಗೊಳ್ಳುವವರು ಯಾರು. ಬಂದೂಕು ಎಷ್ಟು, ಗುಂಡು ಎಷ್ಟು. ವೈರ್‌ಲೆಸ್ ಸೆಟ್ ಚಾರ್ಜ್ ಆಗಿದೆಯಾ. ಜೀಪಿನ ಮೀಟರ್ ಎಷ್ಟರಲ್ಲಿದೆ. ರಾತ್ರಿ ಎರಡಕ್ಕೆ ಹೊಳೆ ಬದಿಯಲ್ಲಿ ಹಿಡಿದ ಮರಳಿನ ಟಿಪ್ಪರ್ ಅಂಗಳದಲ್ಲಿ ನಿಂತಿದೆ, ಅದರ ಕೀ ಎಲ್ಲಿ. ಆಸ್ಪತ್ರೆಯಿಂದ ಬಂದ ಫೋನಿಗೆ ಯಾರು ಹೋಗಬೇಕು. ಹೊಸಬ ಒಂದೊಂದನ್ನೂ ಕಣ್ಣಲ್ಲಿ ನೋಡಿ ಸಹಿ ಹಾಕಬೇಕು.

8 ಗಂಟೆಯ ಶಿಫ್ಟಿನಲ್ಲಿ ಇದು ದಿನಕ್ಕೆ ಮೂರು ಸಲ. 12 ಗಂಟೆಯಲ್ಲಿ ಎರಡು ಸಲ. ಮಾತು ಬಿಟ್ಟುಹೋಗುವ ಸಂದರ್ಭ ಅಷ್ಟು ಕಡಿಮೆ. ಉದ್ದ ಶಿಫ್ಟಿನ ಪರವಾಗಿ ನನಗೆ ಒಪ್ಪಿಗೆಯಾಗುವ ದೊಡ್ಡ ವಾದ ಇದೇ. ಆದರೆ ಒಪ್ಪಿಸುವ ಆ ಅರ್ಧ ಗಂಟೆಯನ್ನು ಯಾವ ಶಿಫ್ಟಿಗೂ ಸೇರಿಸದೆ ಬಿಟ್ಟರೆ 12 ಅನ್ನುವುದು 13 ಆಗುತ್ತದೆ. ಅರ್ಧ ಗಂಟೆ ಮುಂಚೆ ಬರುವವನಿಗೂ ಅದು ಡ್ಯೂಟಿ, ಅರ್ಧ ಗಂಟೆ ತಡವಾಗಿ ಹೋಗುವವನಿಗೂ ಅದು ಡ್ಯೂಟಿ. ಎರಡನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಕನ್ನಡ ಬರುವ ಪೊಲೀಸರಿಗೆ ಡ್ಯೂಟಿ ಜಾಸ್ತಿ ಬೀಳುತ್ತದೆ ಅಂತಾರೆ, ಹೌದಾ?

ನಾನು ನೋಡಿದ ಮಟ್ಟಿಗೆ ಹೌದು. ಇದು ಬೇರೆ ಜಿಲ್ಲೆಯವರಿಗೆ ಅರ್ಥವೇ ಆಗದ ಸಮಸ್ಯೆ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು ಕಡೆ ಫಿರ್ಯಾದಿ ಕೊಡಲು ಬರುವವರಲ್ಲಿ ಎಷ್ಟೋ ಜನ ಕನ್ನಡ, ತುಳು ಮಾತಾಡುವವರು. ವಯಸ್ಸಾದವರಿಗೆ ಮಲಯಾಳ ಕೇಳಿದರೆ ತಿಳಿಯಬಹುದು, ಆದರೆ ಬಾಯಿ ತುಂಬ ಹೇಳಲಿಕ್ಕೆ ಬರುವುದಿಲ್ಲ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಬೇಕು ಅಂತ ಕಾನೂನು. ತೆಂಕಣ ಜಿಲ್ಲೆಯಿಂದ ಬಂದ ಸಿಬ್ಬಂದಿ ಏನು ಮಾಡಬೇಕು? ಕನ್ನಡ ಬರುವವನಿಗೆ ಫೋನ್ ಮಾಡುತ್ತಾರೆ.

ಭಾವನ ರಜೆಯ ದಿನ ಒಮ್ಮೆ ಹೀಗೇ ಆಯಿತು. ಒಬ್ಬರು ಅಜ್ಜಿಯ ಅಂಗಳದಿಂದ ಅಡಿಕೆ ಕಳವಾಗಿತ್ತು. ಎಷ್ಟು ಗೋಣಿ, ಹೊಸ ಚಾಲಿಯಾ (ಬಿಸಿಲಲ್ಲಿ ಒಣಗಿಸಿದ ಅಡಿಕೆ) ಹಳೇ ಚಾಲಿಯಾ, ಒಣಗಲು ಹಾಕಿ ಎಷ್ಟು ದಿನ ಆಗಿತ್ತು ಅಂತ ಸರಿಯಾಗಿ ಬರೆಯದಿದ್ದರೆ ಮಾಲಿನ ಬೆಲೆಯೇ ಉಲ್ಟಾ ಆಗುತ್ತದೆ. ಭಾವ ಅರ್ಧ ಊಟದಲ್ಲಿ ಎದ್ದು ಹೋದರು. ಸಂಜೆ ಬರುವಾಗ ರಜೆ ಮುಗಿದಿತ್ತು. ಅಕ್ಕನಿಗೆ ಸಿಟ್ಟು ಬಂದದ್ದು ಸರಿ. ಅಜ್ಜಿಯ ತಪ್ಪೂ ಇಲ್ಲ, ಕೊಲ್ಲಂನ ಆ ಹುಡುಗನ ತಪ್ಪೂ ಇಲ್ಲ.

ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ಶಿಫ್ಟ್ ಪಟ್ಟಿ ಮಾಡುವಾಗ ತಲೆ ಎಣಿಸಿದರೆ ಸಾಲದು. ಪ್ರತಿ ಶಿಫ್ಟಿನಲ್ಲೂ ಕನ್ನಡ ಓದಿ ಬರೆಯಲು ಬರುವ ಒಬ್ಬರು ಇರಬೇಕು. ಇಲ್ಲಿ 12 ಗಂಟೆಯ ಶಿಫ್ಟಿಗೆ ಒಂದು ಅನುಕೂಲ ಇದೆ. ಇಡೀ ದಿನಕ್ಕೆ ಅಂಥ ಇಬ್ಬರು ಸಿಕ್ಕಿದರೆ ಸಾಕು, ಮೂವರು ಬೇಡ. ಗಡಿನಾಡಿನ ಕನ್ನಡ ಸಂಘಟನೆಗಳು ಬೋರ್ಡಿನಲ್ಲಿ ಕನ್ನಡ ಬರೆಯಿರಿ ಅಂತ ಮನವಿ ಕೊಡುವಾಗ ಇದನ್ನೂ ಒಂದು ಸಾಲು ಸೇರಿಸಿದರೆ ಚೆನ್ನ. ಬೋರ್ಡ್ ಯಾರ ಹೇಳಿಕೆಯನ್ನೂ ಬರೆದುಕೊಳ್ಳುವುದಿಲ್ಲ.

ಮಹಿಳಾ ಪೊಲೀಸರಿಗೆ ಯಾವುದು ಒಳ್ಳೇದು?

ಹೊರಗಿನಿಂದ ನೋಡಿದರೆ 8 ಗಂಟೆ ಅನಿಸುತ್ತದೆ. ಮಹಾರಾಷ್ಟ್ರ 2022ರ ಜನವರಿಯಲ್ಲಿ ಮಹಿಳಾ ಸಿಬ್ಬಂದಿಗೆ 12ರ ಬದಲು 8 ಗಂಟೆ ಡ್ಯೂಟಿ ಅಂತ ಆದೇಶ ಮಾಡಿತು. ಆದರೆ ನಾನು ಕೇಳಿದವರ ಅಭಿಪ್ರಾಯ ಒಂದೇ ತೆರನಾಗಿ ಇರಲಿಲ್ಲ. ಚಿಕ್ಕ ಮಗು ಇದ್ದವರಿಗೆ 12 ಗಂಟೆ ಬಿಟ್ಟಿರುವುದು ಆಗುವುದಿಲ್ಲ. ಮಕ್ಕಳು ಹೈಸ್ಕೂಲಿಗೆ ಹೋಗುವವರು ಜೊತೆಯಲ್ಲಿ ರಜೆ ಸಿಕ್ಕಿದರೆ ಒಳ್ಳೇದು ಅನ್ನುತ್ತಾರೆ.

ನಿಜವಾದ ತೊಂದರೆ ಸಂಖ್ಯೆಯದು. ಲೈಂಗಿಕ ಅಪರಾಧದ ದೂರನ್ನು ಹೆಂಗಸರಿಂದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಸೂರ್ಯಾಸ್ತದ ನಂತರ ಹೆಂಗಸರನ್ನು ಬಂಧಿಸಬೇಕಾದ ಅಪರೂಪದ ಸಂದರ್ಭದಲ್ಲೂ ಮಹಿಳಾ ಅಧಿಕಾರಿ ಬೇಕು, ಮ್ಯಾಜಿಸ್ಟ್ರೇಟರ ಅನುಮತಿಯೂ ಬೇಕು. ಒಳ್ಳೆಯ ನಿಯಮಗಳು. ಆದರೆ ಠಾಣೆಯಲ್ಲಿ ಮಹಿಳೆಯರು ಬೆರಳೆಣಿಕೆಯಷ್ಟೇ ಇದ್ದರೆ ಶಿಫ್ಟ್ ಏನೇ ಇರಲಿ, ಅವರನ್ನೇ ಕರೆಯುತ್ತಾರೆ. ಅದರ ಜೊತೆಗೆ ಬಂದೋಬಸ್ತಿನ ಜಾಗದಲ್ಲಿ ಶೌಚಾಲಯ ಇಲ್ಲದಿದ್ದರೆ 12 ಗಂಟೆ ನೀರೇ ಕುಡಿಯದೆ ನಿಲ್ಲುತ್ತಾರೆ. ಇದನ್ನು ಸರಿ ಮಾಡಲಿಕ್ಕೆ ಅಧ್ಯಯನ ಗಿಧ್ಯಯನ ಏನೂ ಬೇಡ.

ಎಲ್ಲ ಡ್ಯೂಟಿಗೂ ಒಂದೇ ಗಂಟೆ ಇಡಬಹುದಾ?

ಬೇಡ. ಹೊಸ ಬಸ್ ನಿಲ್ದಾಣದ ಹತ್ತಿರ ಏಪ್ರಿಲ್ ಬಿಸಿಲಲ್ಲಿ ಟ್ರಾಫಿಕ್ ನಿಲ್ಲುವವರಿಗೆ 12 ಗಂಟೆ ಅಂದರೆ ಶಿಕ್ಷೆ. ಕಂಟ್ರೋಲ್ ರೂಮಿನಲ್ಲಿ 112ರ ಕರೆ ತೆಗೆಯುವವರಿಗೆ ಆರೇಳು ಗಂಟೆ ಆದ ಮೇಲೆ ಕಿವಿ ಕೇಳಿದರೂ ತಲೆಗೆ ಹೋಗುವುದಿಲ್ಲ. ಶಿರಿಯದ ಕರಾವಳಿ ಪೊಲೀಸರು ಬೋಟಿನಲ್ಲಿ ಹೋದರೆ ಗಡಿಯಾರ ನೋಡಿ ಮಧ್ಯದಲ್ಲಿ ಇಳಿಯಲು ಆಗುತ್ತದಾ? ತಲಪಾಡಿ ಕಡೆಯ ಗಡಿ ತಪಾಸಣೆಯಲ್ಲಿ ರಾತ್ರಿ ಎರಡರಿಂದ ಐದರವರೆಗೆ ಸುಮ್ನೆ ಕೂತಿರುವುದೇ ದೊಡ್ಡ ಕಷ್ಟ.

ಊರಿನ ಪರಿಚಯ ಬೇಕಾದ ಕೆಲಸಕ್ಕೂ ಉದ್ದ ಶಿಫ್ಟ್ ಹೊಂದುವುದಿಲ್ಲ. ಕೇರಳದಲ್ಲಿ 2008ರಿಂದ ಜನಮೈತ್ರಿ ಯೋಜನೆ ಇದೆ. ಬೀಟ್ ಪೊಲೀಸರು ಮನೆಮನೆಗೆ ಹೋಗಿ ಪರಿಚಯ ಇಟ್ಟುಕೊಳ್ಳಬೇಕು. ನಾಲ್ಕು ದಿನ ಕಾಣದೇ ಇರುವವನ ಹತ್ತಿರ ಯಾರು ಗುಟ್ಟು ಹೇಳುತ್ತಾರೆ?

ಜಾತ್ರೆ, ಉರೂಸ್, ಚುನಾವಣೆ, ಶಬರಿಮಲೆ ಬಂದರೆ ಶಿಫ್ಟ್ ಎಲ್ಲಿ ಉಳಿಯುತ್ತದೆ?

ಉಳಿಯುವುದಿಲ್ಲ. ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಶಬರಿಮಲೆಗೆ ಎಲ್ಲ ಜಿಲ್ಲೆಗಳಿಂದ ಪೊಲೀಸರನ್ನು ತಂಡ ತಂಡವಾಗಿ ಕಳಿಸುತ್ತಾರೆ. ಇಲ್ಲಿ ಅದೇ ಹೊತ್ತಿಗೆ ಜಾತ್ರೆ, ಕೋಲ, ತೆಯ್ಯಂ, ಉರೂಸ್ ಎಲ್ಲ ಶುರು. ಉಳಿದವರ ಮೇಲೆ ಎರಡು ಪಟ್ಟು ಹೊರೆ. ಮತದಾನದ ಸಮಯದಲ್ಲಿ ಹಿಂದಿನ ದಿನ ಹೋದವರು ಮತಯಂತ್ರ ಒಪ್ಪಿಸಿ ಬರುವವರೆಗೆ ಮನೆಯ ಮುಖ ನೋಡುವುದಿಲ್ಲ.

ಇದನ್ನು ತಪ್ಪಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಜಾತ್ರೆ ಯಾವಾಗ ಅಂತ ಪಂಚಾಂಗದಲ್ಲೇ ಇರುತ್ತದಲ್ಲ! ಚುನಾವಣೆಯ ದಿನವೂ ವಾರಗಟ್ಟಲೆ ಮೊದಲೇ ಗೊತ್ತಾಗುತ್ತದೆ. ಬಂದೋಬಸ್ತ್ ಮುಗಿದ ಮರುದಿನ ರೆಸ್ಟ್ ಅಂತ ಅದೇ ಆದೇಶದಲ್ಲಿ ಬರೆದರೆ ಏನು ಕಷ್ಟ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬೇರೆ ರಾಜ್ಯಗಳು ಏನು ಮಾಡಿವೆ?

ಮುಂಬೈಯಲ್ಲಿ 2016ರ ಮೇ ತಿಂಗಳಲ್ಲಿ ದೇವನಾರ್ ಠಾಣೆಯಲ್ಲಿ 8 ಗಂಟೆಯ ಪ್ರಯೋಗ ಶುರುವಾಯಿತು. ಆಗ ಕಮಿಷನರ್ ಆಗಿದ್ದವರು ದತ್ತಾ ಪಡಸಲಗೀಕರ್. ವಿಶೇಷ ಅಂದರೆ ಯೋಜನೆ ಕೊಟ್ಟದ್ದು ಒಬ್ಬ ಕಾನ್ಸ್‌ಟೇಬಲ್. ಮುಂದೆ ಅದನ್ನು ಬೇರೆ ಠಾಣೆಗಳಿಗೂ ಹಬ್ಬಿಸಿದರು. ಆಂಧ್ರ 2019ರ ಜೂನ್‌ನಲ್ಲಿ ವಾರದ ರಜೆ ಕೊಟ್ಟಿತು. ತಮಿಳುನಾಡು 2021ರಲ್ಲಿ ಹೆಡ್ ಕಾನ್ಸ್‌ಟೇಬಲ್‌ವರೆಗಿನವರಿಗೆ ವಾರದ ರಜೆಯ ಆದೇಶ ಮಾಡಿತು. ಆದೇಶ ಬರುವುದು ಒಂದು ಹಂತ. ಆ ರಜೆಯ ದಿನ ಫೋನ್ ಬಾರದೇ ಇರುವುದು ಇನ್ನೊಂದು ಹಂತ. 2014ರ ಆ ಅಧ್ಯಯನದವರು 8 ಗಂಟೆ ನಿಜಕ್ಕೂ ಜಾರಿ ಆಗಬೇಕಾದರೆ ಠಾಣೆಯ ಬಲ 1.68 ಪಟ್ಟು ಆಗಬೇಕು ಅಂತ ಲೆಕ್ಕ ಕೊಟ್ಟಿದ್ದರು. ಹತ್ತು ಜನ ಇದ್ದಲ್ಲಿ ಹದಿನೇಳು.

ಸರಿ, ನೀವು ಯಾವುದರ ಪರ?

ಠಾಣೆಗೆ 10 ಗಂಟೆ. ಸಂಜೆಯ ಹೊತ್ತು ಎರಡು ತಂಡ ಒಟ್ಟಿಗೆ ಇರುವ ಹಾಗೆ. ಜನ ಸಾಲದ ಕಡೆ 12 ಇರಲಿ, ಆದರೆ ನಾಲ್ಕು ತಂಡ ಮಾಡಿ. ಮೂರು ರಾತ್ರಿಗಿಂತ ಜಾಸ್ತಿ ಒಟ್ಟಿಗೆ ಬೇಡ. ಎರಡು ಡ್ಯೂಟಿಗಳ ನಡುವೆ 11 ಗಂಟೆಯಾದರೂ ಬಿಡುವು. 24 ಗಂಟೆಯ ಡ್ಯೂಟಿ ಎಲ್ಲೂ ಬೇಡ, ಪಾರಾಕ್ಕೂ ಬೇಡ.

ಈ ಯಾವುದೂ ಆಗುವುದಿಲ್ಲ ಅಂತಾದರೆ, ಕನಿಷ್ಠ ಶಿಫ್ಟ್ ಪಟ್ಟಿಯನ್ನು ಹದಿನೈದು ದಿನ ಮೊದಲು ಗೋಡೆಗೆ ಅಂಟಿಸಿ. ನಾಳೆ ಎಷ್ಟು ಗಂಟೆಗೆ ಮನೆಗೆ ಹೋಗುತ್ತೇನೆ ಅಂತ ಗೊತ್ತಿಲ್ಲದೇ ಇರುವುದು ಹನ್ನೆರಡು ಗಂಟೆ ನಿಲ್ಲುವುದಕ್ಕಿಂತ ಜಾಸ್ತಿ ಸುಸ್ತು ಮಾಡುತ್ತದೆ. ಭಾವನ ಹತ್ತು ಮಂದಿ ಜೊತೆಗಾರರನ್ನು ಕೇಳಿ, ಗಂಟೆಯ ಬಗ್ಗೆ ಹತ್ತು ಮಾತು ಹೇಳುತ್ತಾರೆ. ಈ ಒಂದು ವಿಷಯದಲ್ಲಿ ಮಾತ್ರ ಜಗಳ ಇಲ್ಲ.

ದೂರು ಕೊಡಲು ಹೋದಾಗ "ಶಿಫ್ಟ್ ಮುಗಿಯಿತು, ನಾಳೆ ಬನ್ನಿ" ಅಂದರೆ?

ಹಾಗೆ ಹೇಳುವ ಹಾಗಿಲ್ಲ. ಅಧಿಕಾರಿಯ ಶಿಫ್ಟ್ ಮುಗಿಯಬಹುದು, ಠಾಣೆಯದ್ದು ಮುಗಿಯುವುದಿಲ್ಲ. ದೂರು ಯಾವ ಠಾಣೆಯ ಗಡಿಯದ್ದಾದರೂ ತೆಗೆದುಕೊಳ್ಳಬೇಕು, ಎಫ್‌ಐಆರ್ ಪ್ರತಿ ದುಡ್ಡಿಲ್ಲದೆ ಕೊಡಬೇಕು. ಆದರೂ ಒಂದು ಕಿವಿಮಾತು. ತೀರಾ ತುರ್ತು ಇಲ್ಲದಿದ್ದರೆ ಶಿಫ್ಟ್ ಬದಲಾಗುವ ಹೊತ್ತಿಗೆ ಹೋಗಬೇಡಿ. ಅರ್ಧ ಗಂಟೆ ತಡವಾಗಿ ಹೋದರೆ ಹೊಸದಾಗಿ ಬಂದವನು ಕೂತು ಕೇಳುತ್ತಾನೆ. ದೂರು ಬರೆದುಕೊಂಡವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಹೋದಾಗ ಅವರ ಶಿಫ್ಟ್ ಯಾವಾಗ ಅಂತ ವಿಚಾರಿಸಿ ಹೋಗಬಹುದು.

ರಾತ್ರಿ ಡ್ಯೂಟಿ ಮುಗಿಸಿ ಬಂದವರಿಗೆ ಮನೆಯವರು ಏನು ಮಾಡಬಹುದು?

ಮೊದಲನೆಯದು, ಅವರು ಬೈಕ್ ಓಡಿಸಿಕೊಂಡು ಬರದಂತೆ ನೋಡಿ. ಠಾಣೆಯಲ್ಲೇ 20 ನಿಮಿಷ ಕಣ್ಣು ಮುಚ್ಚಿ ಹೊರಡಲಿ, ಇಲ್ಲವೇ ಬಸ್ಸಿಗೆ ಬರಲಿ. ಚಹಾ, ಕಾಫಿ ಬೆಳಗಿನ ಜಾವ ಮೂರರ ಮೇಲೆ ಬೇಡ. ಕಾಫಿಯ ಅರ್ಧ ಅಂಶ ಐದು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ, ಎಂಟಕ್ಕೆ ಡ್ಯೂಟಿ ಮುಗಿಸಿ ಬಂದು ಮಲಗಿದರೂ ನಿದ್ದೆ ಹತ್ತುವುದಿಲ್ಲ. ಕೋಣೆ ಕತ್ತಲಾಗಿರಲಿ, ಕಿಟಕಿಗೆ ದಪ್ಪ ಬಟ್ಟೆ ಹಾಕಿ. ತಿಂಡಿ ಹಗುರವಾಗಿ ಕೊಡಿ, ಹೊಟ್ಟೆ ಬಿರಿಯುವಷ್ಟು ಬೇಡ.

ನೆಂಟರು ಬಂದರೆ ಎಬ್ಬಿಸುವ ಅಭ್ಯಾಸ ನಮ್ಮ ಕಡೆ ಬಹಳ. "ಪೊಲೀಸ್ ಮನೆಯಲ್ಲೇ ಇದ್ದಾನಂತೆ, ಒಂದು ಮಾತು ಕೇಳಿ ಹೋಗುವ" ಅಂತ ಜಾಗದ ತಕರಾರು ಹಿಡಿದುಕೊಂಡು ಬರುವವರೂ ಇದ್ದಾರೆ. ಅಕ್ಕ ಈಗ ಅವರಿಗೆಲ್ಲ ಬೆಲ್ಲ ನೀರು ಕೊಟ್ಟು, ಮೂರು ಗಂಟೆಯ ಮೇಲೆ ಬನ್ನಿ ಅಂತ ಕಳಿಸುತ್ತಾಳೆ.